ತೇವ ಉಳಿದ ಹುಲ್ಲಿಗೆ ಆಮ್ಲ, ಬಲಿತ ಹುಲ್ಲಿಗೆ ಅಮೋನಿಯಾ: ಒಣಹುಲ್ಲಿನ ರಾಸಾಯನಿಕ ಉಪಚಾರ

ಒಣಹುಲ್ಲಿಗೆ ಹಾಕುವ ರಾಸಾಯನಿಕಗಳು ಎರಡು ಬೇರೆ ಬೇರೆ ಕೆಲಸಕ್ಕಾಗಿ ಇವೆ. ಒಂದು, ಪೂರ್ತಿ ಒಣಗದ ಒಳ್ಳೆಯ ಹುಲ್ಲು ಬೂಷ್ಟು ಹಿಡಿಯದಂತೆ ಕಾಪಾಡುವುದು. ಇದಕ್ಕೆ ಪ್ರೊಪಿಯಾನಿಕ್ ಆಮ್ಲ ಬೇಕು. ಇನ್ನೊಂದು, ಬಲಿತು ಕಡ್ಡಿಯಾದ, ಸತ್ವ ಕಡಿಮೆಯಾದ ಹುಲ್ಲನ್ನು ರಾಸು ತಿಂದು ಅರಗಿಸಿಕೊಳ್ಳುವಂತೆ ಮಾಡುವುದು. ಇದಕ್ಕೆ ಯೂರಿಯಾ, ಅಮೋನಿಯಾ, ಸುಣ್ಣದಂಥ ಕ್ಷಾರಗಳು ಬೇಕು. ಇವೆರಡನ್ನು ಅದಲು ಬದಲು ಮಾಡಿದರೆ ಹಣ ಹಾಳಾಗುವುದಷ್ಟೇ ಅಲ್ಲ, ಎಳೆಯ ಸಿಹಿ ಹುಲ್ಲಿಗೆ ಅಮೋನಿಯಾ ಕೊಟ್ಟರೆ ಅದು ಕರುಗಳ ಜೀವ ತೆಗೆಯುವ ವಿಷವೂ ಆಗಬಹುದು. ಆದ್ದರಿಂದ ಡಬ್ಬ ತೆರೆಯುವ ಮೊದಲು ನಿಮ್ಮ ಹುಲ್ಲು ಯಾವ ಜಾತಿಯದು ಎಂದು ತೀರ್ಮಾನಿಸಿಕೊಳ್ಳಿ: ಹೂ ಬಿಡುವ ಮೊದಲೇ ಕೊಯ್ದ, ಎಲೆ ತುಂಬಿದ, ಆದರೆ ತೇವ ಉಳಿದ ಹುಲ್ಲೇ? ಅಥವಾ ಬೀಜ ಉದುರಿದ ಮೇಲೆ ಕೊಯ್ದ ಒರಟು ಹುಲ್ಲೇ?

ಮೂರನೆಯ ಜಾತಿಯೂ ಒಂದಿದೆ. ಮಳೆಗೆ ಸಿಕ್ಕಿ ಈಗಾಗಲೇ ಬೂಷ್ಟು ಹಿಡಿದ ಹುಲ್ಲು. ಅದಕ್ಕೆ ಯಾವ ಉಪಚಾರವೂ ಇಲ್ಲ. ಆಮ್ಲವಾಗಲಿ ಅಮೋನಿಯಾವಾಗಲಿ ಬೂಷ್ಟಿನ ಬೆಳವಣಿಗೆಯನ್ನು ತಡೆಯಬಲ್ಲವು, ಆದರೆ ಅದು ಆಗಲೇ ಬಿಟ್ಟಿರುವ ವಿಷವನ್ನು ಹುಲ್ಲಿನಿಂದ ತೆಗೆದುಬಿಡುತ್ತವೆಂದು ನಂಬಿಕೊಳ್ಳುವಂತಿಲ್ಲ.

ಮೊದಲು ತೇವಾಂಶ ಅಳೆಯಿರಿ

ಉಪಚಾರದ ಅರ್ಧ ಕೆಲಸ ಇದೇ. ಸಣ್ಣ ಚೌಕ ಪೆಂಡಿಗಳನ್ನು ಶೇ. 18ರಿಂದ 20ರ ತೇವಾಂಶದೊಳಗೆ ಕಟ್ಟಿದರೆ ಏನನ್ನೂ ಹಾಕಬೇಕಾಗಿಲ್ಲ. ದೊಡ್ಡ ಉರುಳೆ ಪೆಂಡಿಗೆ ಶೇ. 16ರಿಂದ 18, ಬಿಗಿಯಾಗಿ ಒತ್ತಿದ ದೊಡ್ಡ ಚೌಕ ಪೆಂಡಿಗೆ ಶೇ. 14ರಿಂದ 16 ಮೇಲ್ಮಿತಿ. ಪೆಂಡಿ ದೊಡ್ಡದಾದಷ್ಟೂ, ಬಿಗಿಯಾದಷ್ಟೂ ಒಳಗಿನ ತೇವ ಮತ್ತು ಬಿಸಿ ಹೊರಬರಲು ದಾರಿ ಇರುವುದಿಲ್ಲ. ಅದಕ್ಕೇ ಮಿತಿ ಕೆಳಗಿಳಿಯುತ್ತದೆ.

ಕೈಯಲ್ಲಿ ತಿರುಚಿ ನೋಡುವುದು, ದಂಟನ್ನು ಉಗುರಿನಿಂದ ಕೆರೆದು ನೋಡುವುದು ಅನುಭವಿಗಳಿಗೆ ಒಂದು ಅಂದಾಜು ಕೊಡುತ್ತದೆ. ಆದರೆ ಆಮ್ಲದ ಪ್ರಮಾಣ ಗೊತ್ತುಮಾಡಲು ಆ ಅಂದಾಜು ಸಾಲದು. ಮೈಕ್ರೋವೇವ್ ಒಲೆ ಇದ್ದರೆ ನಿಖರವಾಗಿ ಅಳೆಯಬಹುದು. ಹೊಲದಲ್ಲಿ ಪೆಂಡಿ ಕಟ್ಟಲು ಎಳೆದಿಟ್ಟ ಹುಲ್ಲಿನ ಸಾಲಿನ ಮೇಲೆ, ನಡುವೆ, ನೆಲಕ್ಕೆ ತಾಗಿದ ಅಡಿಯಲ್ಲಿ, ಹೀಗೆ ಹತ್ತಾರು ಕಡೆ ಹಿಡಿ ಹಿಡಿ ಹುಲ್ಲು ತೆಗೆದು, ಬೆರಳುದ್ದ ಕತ್ತರಿಸಿ, ಬೆರೆಸಿ, 100 ಗ್ರಾಂ ತೂಗಿ ತಟ್ಟೆಯಲ್ಲಿ ಹರಡಿ. ಒಲೆಯ ಮೂಲೆಯಲ್ಲಿ ಒಂದು ಲೋಟ ನೀರಿಡಿ, ಇಲ್ಲವಾದರೆ ಹುಲ್ಲು ಹೊತ್ತಿಕೊಳ್ಳುತ್ತದೆ. ಮೊದಲು ಮೂರು ನಿಮಿಷ, ಆಮೇಲೆ ಒಂದೊಂದೇ ನಿಮಿಷ, ಕೊನೆಗೆ ಅರ್ಧರ್ಧ ನಿಮಿಷ ಬಿಸಿ ಮಾಡುತ್ತಾ ಪ್ರತಿ ಸಲವೂ ತೂಗಿ. ಎರಡು ಸಲ ಒಂದೇ ತೂಕ ಬಂದಾಗ ನಿಲ್ಲಿಸಿ. 100 ಗ್ರಾಂ ಹೋಗಿ 77 ಗ್ರಾಂ ಉಳಿದಿದ್ದರೆ ತೇವಾಂಶ ಶೇ. 23. ಹುಲ್ಲು ಕಪ್ಪಾದರೆ ಆ ಲೆಕ್ಕ ಬಿಟ್ಟು ಹೊಸ ಮಾದರಿ ತೆಗೆದುಕೊಳ್ಳಿ.

ಪೆಂಡಿಗೆ ಚುಚ್ಚುವ ವಿದ್ಯುತ್ ಮೀಟರು ಕೆಲಸಕ್ಕೆ ಅನುಕೂಲ, ಆದರೆ ಎರಡು ಮೂರು ಅಂಶ ಆಚೀಚೆ ತೋರಿಸುವುದು ಅದರ ಸ್ವಭಾವ. ಒಂದು ಪೆಂಡಿಗೆ ಒಂದೇ ಸಲ ಚುಚ್ಚಿ ಬಿಡಬೇಡಿ. ಹತ್ತು ಪೆಂಡಿಗಳಲ್ಲಿ ಚುಚ್ಚಿ, ಸರಾಸರಿಯ ಜೊತೆಗೆ ಅತಿ ಹೆಚ್ಚು ಬಂದ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಬಣವೆಗೆ ಬೆಂಕಿ ಬೀಳುವುದು ಸರಾಸರಿಯಿಂದಲ್ಲ, ಶೇ. 30 ಇರುವ ಒಂದು ಒದ್ದೆ ಮುದ್ದೆಯಿಂದ. ಆಮ್ಲ ಸಿಂಪಡಿಸಿದ ಪೆಂಡಿಯಲ್ಲಿ ಇದೇ ಮೀಟರು ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ, ಏಕೆಂದರೆ ಆಮ್ಲ ಮತ್ತು ಅದರ ಲವಣ ವಿದ್ಯುತ್ತನ್ನು ಸಲೀಸಾಗಿ ಹರಿಸುತ್ತವೆ. ಆದ್ದರಿಂದ ಸಿಂಪಡಿಸುವ ಮೊದಲೇ ಅಳೆದುಬಿಡಿ.

ಬೆಳಗಿನ ಇಬ್ಬನಿಯ ತೇವ ಬೇರೆ, ದಂಟಿನೊಳಗಿನ ತೇವ ಬೇರೆ. ಇಬ್ಬನಿ ಎಲೆಯ ಮೇಲಿರುತ್ತದೆ, ಒಂದೆರಡು ತಾಸಿನ ಬಿಸಿಲಿಗೆ ಹೋಗುತ್ತದೆ. ದಂಟಿನ ಗಿಣ್ಣಿನಲ್ಲಿರುವುದು ಪೆಂಡಿ ಕಟ್ಟಿದ ಮೇಲೂ ವಾರಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಮೀಟರು ಎರಡನ್ನೂ ಒಟ್ಟಿಗೇ ತೋರಿಸುವುದರಿಂದ ಕೈಯಿಂದ ದಂಟು ಮುರಿದು ನೋಡುವ ರೂಢಿಯನ್ನು ಬಿಡಬೇಡಿ.

ಪ್ರೊಪಿಯಾನಿಕ್ ಆಮ್ಲ: ಎಷ್ಟು, ಹೇಗೆ

ಈ ಆಮ್ಲ ಬೂಷ್ಟಿನ ಜೀವಕೋಶದೊಳಕ್ಕೆ ನುಸುಳಿ ಅದರ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಬೀಜಾಣುಗಳನ್ನು ಕೊಲ್ಲುವುದಿಲ್ಲ, ತಡೆಹಿಡಿಯುತ್ತದೆ ಅಷ್ಟೇ. ಹುಲ್ಲು ಶೇಖರಣೆಯಲ್ಲಿ ತಾನಾಗಿ ಒಣಗಿ ಸುರಕ್ಷಿತ ಮಟ್ಟಕ್ಕೆ ಬರುವವರೆಗೆ ನಮಗೆ ಸಮಯ ಸಂಪಾದಿಸಿಕೊಡುವುದು ಅದರ ಕೆಲಸ. ಆದ್ದರಿಂದ ಆಮ್ಲ ಹಾಕಿದ ಮೇಲೂ ಹುಲ್ಲು ಒಣಗಲೇಬೇಕು.

ಪ್ರಮಾಣ ತೇವಾಂಶದ ಮೇಲೆ ನಿಂತಿದೆ. ಶೇ. 20ರಿಂದ 25ರವರೆಗೆ ತೇವ ಇದ್ದರೆ ಹುಲ್ಲಿನ ತೂಕದ ಶೇ. 0.5, ಅಂದರೆ ಟನ್ನಿಗೆ 5 ಕಿಲೋ ಆಮ್ಲ. ಶೇ. 25ರಿಂದ 30ರವರೆಗೆ ಶೇ. 1, ಅಂದರೆ ಟನ್ನಿಗೆ 10 ಕಿಲೋ. ಶೇ. 30 ದಾಟಿದರೆ ಆಮ್ಲವನ್ನು ನಂಬಿ ಕೂರಬೇಡಿ. ಇನ್ನೊಂದು ದಿನ ಒಣಗಿಸಿ, ಇಲ್ಲವೇ ರಸಮೇವು (ಗಾಳಿಯಾಡದಂತೆ ಮುಚ್ಚಿ ಹುಳಿಸಿದ ಹಸಿ ಮೇವು) ಮಾಡಿ. ಇಲ್ಲಿ ಹೇಳಿದ ಕಿಲೋ ಶುದ್ಧ ಪ್ರೊಪಿಯಾನಿಕ್ ಆಮ್ಲದ್ದು, ಡಬ್ಬದಲ್ಲಿರುವ ದ್ರಾವಣದ್ದಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ. ಡಬ್ಬದ ಮೇಲೆ ಶೇ. 65 ಎಂದಿದ್ದರೆ 5 ಕಿಲೋ ಆಮ್ಲಕ್ಕೆ 7.7 ಕಿಲೋ ದ್ರಾವಣ ಬೇಕು. ಶೇ. 20 ಮಾತ್ರ ಇದ್ದರೆ 25 ಕಿಲೋ ಬೇಕು. ಅಗ್ಗದ ಡಬ್ಬ ಅಗ್ಗವಲ್ಲ ಎಂಬುದು ಈ ಭಾಗಾಕಾರ ಮಾಡಿದಾಗ ಗೊತ್ತಾಗುತ್ತದೆ. ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣಗಳೂ ಇವೆ. ಬೂಷ್ಟು ತಡೆಯುವುದರಲ್ಲಿ ಅಸಿಟಿಕ್ ಆಮ್ಲ ಪ್ರೊಪಿಯಾನಿಕ್‌ನಷ್ಟು ಗಟ್ಟಿಯಲ್ಲ, ಆದ್ದರಿಂದ ಎರಡನ್ನೂ ಕೂಡಿಸಿ ಒಂದೇ ಅಂಕಿಯಾಗಿ ಲೆಕ್ಕ ಹಿಡಿಯಬೇಡಿ.

ಕಡಿಮೆ ಹಾಕಿ ಉಳಿಸೋಣ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಅರೆಬರೆ ಪ್ರಮಾಣದ ಆಮ್ಲವನ್ನು ಕೆಲವು ಬೂಷ್ಟುಗಳು ಆಹಾರವಾಗಿಯೇ ಬಳಸಿಕೊಳ್ಳುತ್ತವೆ. ಖರ್ಚೂ ಆಗಿ ಹುಲ್ಲೂ ಹೋಗುತ್ತದೆ.

ಅಮೋನಿಯಂ ಪ್ರೊಪಿಯೋನೇಟ್ ರೂಪದಲ್ಲಿ ಸಿಗುವ, ಹುಳಿ ತಗ್ಗಿಸಿದ ಆಮ್ಲವನ್ನೇ ಆರಿಸಿಕೊಳ್ಳುವುದು ಮೇಲು. ಅದು ಬೇಗ ಆವಿಯಾಗುವುದಿಲ್ಲ, ಚರ್ಮ ಸುಡುವುದು ಕಡಿಮೆ, ಪೆಂಡಿ ಕಟ್ಟುವ ಯಂತ್ರವಾದ ಬೇಲರ್‌ನ ಕಬ್ಬಿಣ ತಿನ್ನುವುದೂ ಕಡಿಮೆ. ಶುದ್ಧ ಆಮ್ಲ ಬಳಸಿದರೆ ಗಂಟು ಹಾಕುವ ಭಾಗ, ಸರಪಳಿ, ಬೇರಿಂಗುಗಳು ಒಂದೇ ಹಂಗಾಮಿನಲ್ಲಿ ತುಕ್ಕು ಹಿಡಿಯುತ್ತವೆ.

ಇನ್ನು ಸಿಂಪಡಣೆಯ ಲೆಕ್ಕ. ಬೇಲರ್ ತಾಸಿಗೆ ಎಷ್ಟು ಹುಲ್ಲು ನುಂಗುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಎಂದಿನ ವೇಗದಲ್ಲಿ ಹತ್ತು ನಿಮಿಷ ಓಡಿಸಿ ಪೆಂಡಿ ಎಣಿಸಿ, ಐದು ಪೆಂಡಿ ತೂಗಿ ಸರಾಸರಿ ತೆಗೆಯಿರಿ. ಹತ್ತು ನಿಮಿಷಕ್ಕೆ 55 ಪೆಂಡಿ, ಪೆಂಡಿಗೆ 24 ಕಿಲೋ ಬಂದರೆ 1,320 ಕಿಲೋ ಆಯಿತು. ತಾಸಿಗೆ 7.9 ಟನ್. ತೇವಾಂಶ ಶೇ. 24, ದ್ರಾವಣ ಶೇ. 65ರದ್ದು ಎಂದಿಟ್ಟುಕೊಳ್ಳಿ. ಟನ್ನಿಗೆ 7.7 ಕಿಲೋದಂತೆ ತಾಸಿಗೆ ಸುಮಾರು 61 ಕಿಲೋ ಬೇಕು. ಈ ದ್ರಾವಣದ ಒಂದು ಲೀಟರ್ ಹೆಚ್ಚುಕಡಿಮೆ ಒಂದು ಕಿಲೋ ತೂಗುವುದರಿಂದ ನಿಮಿಷಕ್ಕೆ ಒಂದು ಲೀಟರ್ ಎನ್ನಬಹುದು. ಮೂರು ನಾಝಲ್ ಇದ್ದರೆ ಒಂದೊಂದರಿಂದ ನಿಮಿಷಕ್ಕೆ 330ರಿಂದ 340 ಮಿಲಿಲೀಟರ್ ಬೀಳಬೇಕು.

ಇದನ್ನು ಕಾಗದದ ಮೇಲೆ ಬಿಡಬೇಡಿ. ಟ್ಯಾಂಕಿಗೆ ಬರೀ ನೀರು ತುಂಬಿ, ಪಂಪು ಓಡಿಸಿ, ಪ್ರತಿ ನಾಝಲ್ ಕೆಳಗೂ ಅಳತೆಯ ಜಗ್ ಹಿಡಿದು ಒಂದು ನಿಮಿಷ ತುಂಬಿಸಿ. ಒಂದರಲ್ಲಿ 340, ಇನ್ನೊಂದರಲ್ಲಿ 250 ಬಂದರೆ ಆ ನಾಝಲ್ ಬಿಚ್ಚಿ ಜಾಲರಿ ತೊಳೆಯಿರಿ. ಆಮೇಲೂ ಸರಿಹೋಗದಿದ್ದರೆ ಬದಲಿಸಿ. ಒತ್ತಡ ಹೆಚ್ಚಿಸಿ ಸರಿಮಾಡಲು ಹೋದರೆ ಹನಿ ಮಂಜಿನಂತಾಗಿ ಗಾಳಿಗೆ ಹಾರಿಹೋಗುತ್ತದೆ. ಬೇಲರ್ ಹುಲ್ಲೆತ್ತುವ ಹಲ್ಲುಗಳ ಮೇಲ್ಭಾಗದಲ್ಲಿ, ಸಾಲಿನ ಅಗಲಕ್ಕೆ ಸರಿಯಾಗಿ ಹನಿ ಬೀಳುವಂತೆ ನಾಝಲ್ ಕೂರಿಸಬೇಕು. ಹುಲ್ಲು ಮೇಲೇಳುತ್ತಾ ಮಗುಚಿಕೊಳ್ಳುವ ಜಾಗ ಅದು, ಅಲ್ಲಿ ಬಿದ್ದ ಹನಿ ಒಳಗೂ ಹೊರಗೂ ಹರಡುತ್ತದೆ. ಕಟ್ಟಿಯಾದ ಪೆಂಡಿಯ ಮೇಲೆ ಸಿಂಪಡಿಸಿದರೆ ಹೊರಗಿನ ಎರಡು ಬೆರಳು ದಪ್ಪದ ಹುಲ್ಲಿಗಷ್ಟೇ ತಲುಪುತ್ತದೆ, ಬೂಷ್ಟು ಹುಟ್ಟುವುದು ನಡುವಿನಲ್ಲಿ.

ಸಾಲು ಒಂದೇ ಸಮನಾಗಿರುವುದೂ ಅಷ್ಟೇ ಮುಖ್ಯ. ಸಾಲು ತಿರುಗುವ ಮೂಲೆ, ಮರದ ನೆರಳು, ನೀರು ನಿಲ್ಲುವ ತಗ್ಗು, ಇವೆಲ್ಲ ಒದ್ದೆ ಮುದ್ದೆಗಳ ತವರು. ಅಂಥ ಜಾಗದ ಹುಲ್ಲನ್ನು ಬೇರೆಯಾಗಿ ಹರಡಿ ಒಣಗಿಸಿ, ಅಥವಾ ಆ ಪೆಂಡಿಗಳಿಗೆ ಗುರುತು ಹಾಕಿ ಮೊದಲು ತಿನ್ನಿಸಿಬಿಡಿ. ಬೇಲರ್ ನಿಂತಾಗ ಪಂಪೂ ನಿಲ್ಲಬೇಕು, ಇಲ್ಲವಾದರೆ ಒಂದೇ ಪೆಂಡಿ ತೊಯ್ದು ತೊಪ್ಪೆಯಾಗುತ್ತದೆ.

ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಡಬ್ಬ ತೆರೆಯಬೇಡಿ. ದ್ರಾವಣವನ್ನು ತೆಳುವಾಗಿಸಬೇಕಾದರೆ ನೀರಿಗೆ ಆಮ್ಲ ಸುರಿಯಿರಿ, ಆಮ್ಲಕ್ಕೆ ನೀರನ್ನಲ್ಲ. ಮೈಮೇಲೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಆದ್ದರಿಂದ ಟ್ರ್ಯಾಕ್ಟರಿನಲ್ಲಿ ಒಂದು ಕ್ಯಾನ್ ಶುದ್ಧ ನೀರು ಸದಾ ಇರಲಿ. ನೆಲಕ್ಕೆ ಚೆಲ್ಲಿದ್ದರ ಮೇಲೆ ಅಡುಗೆ ಸೋಡಾ ಎರಚಿದರೆ ಹುಳಿ ಸಾಯುತ್ತದೆ. ದಿನದ ಕೆಲಸ ಮುಗಿದ ಮೇಲೆ ಟ್ಯಾಂಕು, ಪಂಪು, ಕೊಳವೆಗಳಲ್ಲಿ ಹತ್ತು ನಿಮಿಷ ನೀರು ಹರಿಸಿ, ಬೇಲರ್ ತೊಳೆದು, ಸರಪಳಿಗೆ ಎಣ್ಣೆ ಹಾಕಿ.

ಹುಲ್ಲಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕುದುರೆಮೆಂತ್ಯೆಯಂಥ ದ್ವಿದಳ ಮೇವು ಪೂರ್ತಿ ಒಣಗಿದರೆ ಎಲೆ ಉದುರಿ ಸತ್ವವೇ ಹೋಗುತ್ತದೆ, ಅಲ್ಲಿ ತೇವದಲ್ಲೇ ಕಟ್ಟಿ ಆಮ್ಲ ಹಾಕುವುದಕ್ಕೆ ಬೇರೆಯದೇ ಬೆಲೆಯಿದೆ. ಹುಲ್ಲಿನ ಎಲೆ ಅಷ್ಟು ಸುಲಭವಾಗಿ ಉದುರುವುದಿಲ್ಲ. ಆದ್ದರಿಂದ ಬಿಸಿಲು ಇನ್ನೆರಡು ದಿನ ಖಚಿತವಿದ್ದರೆ ಹುಲ್ಲಿಗೆ ಆಮ್ಲ ಬೇಡವೇ ಬೇಡ. ಮಳೆ ಬರುವ ಸೂಚನೆ ಇದ್ದು, ತೇವ ಇನ್ನೂ ಶೇ. 22ರಿಂದ 25 ಇದ್ದಾಗ ಮಾತ್ರ ಅದು ಖರ್ಚಿಗೆ ತಕ್ಕ ಫಲ ಕೊಡುತ್ತದೆ.

ದನ, ಕುರಿ, ಕುದುರೆ ಎಲ್ಲವೂ ಪ್ರೊಪಿಯಾನಿಕ್ ಆಮ್ಲದ ಹುಲ್ಲನ್ನು ತಿನ್ನಬಹುದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲೂ ಕುದುರೆಯ ಹಿಂಗರುಳಿನಲ್ಲೂ ಇದೇ ಆಮ್ಲ ದಿನವೂ ತಾನಾಗಿ ಹುಟ್ಟುತ್ತದೆ. ಮೊದಲೆರಡು ದಿನ ವಾಸನೆಗೆ ಮೂತಿ ತಿರುಗಿಸಿದರೂ ಆಮೇಲೆ ತಿನ್ನುತ್ತವೆ.

ಒಟ್ಟುವುದು, ಬಿಸಿ ನೋಡುವುದು

ಉಪಚಾರ ಮಾಡಿದ ಪೆಂಡಿಗಳನ್ನು ಒಣ ಪೆಂಡಿಗಳ ಪಕ್ಕ ಒಟ್ಟಬೇಡಿ, ತೇವ ಅತ್ತ ಸರಿದು ಆಮ್ಲವಿಲ್ಲದ ಒಣ ಪೆಂಡಿಗೆ ಬೂಷ್ಟು ಬರುತ್ತದೆ. ಮೊದಲ ಎರಡು ಮೂರು ವಾರ ಎರಡು ಮೂರು ವರಸೆಯಷ್ಟೇ ಎತ್ತರ ಇರಲಿ, ಪೆಂಡಿಗಳ ನಡುವೆ ಅಂಗೈ ಹೋಗುವಷ್ಟು ಸಂದು ಇರಲಿ, ಅಡಿಯಲ್ಲಿ ಮರದ ಹಲಗೆ ಇರಲಿ. ಪ್ಲಾಸ್ಟಿಕ್ ಹೊದಿಸಿ ಬಿಗಿದರೆ ಹೊರಬಂದ ಆವಿ ಮತ್ತೆ ನೀರಾಗಿ ಮೇಲಿನ ಪೆಂಡಿಗಳ ಮೇಲೆ ಬೀಳುತ್ತದೆ.

ಬಿಸಿ ಸಾಮಾನ್ಯವಾಗಿ ಮೊದಲ ವಾರದಲ್ಲಿ ಒಮ್ಮೆ ಏರಿ ಇಳಿಯುತ್ತದೆ. ಆಮೇಲೆ ಇನ್ನೊಂದು ಸಲ ಏರಬಹುದು, ಅದು ಐದಾರು ವಾರದವರೆಗೂ ಎಳೆಯಬಲ್ಲದು. ಎರಡು ವಾರ ದಿನವೂ, ಆಮೇಲೆ ಆರು ವಾರ ತುಂಬುವವರೆಗೆ ವಾರಕ್ಕೆರಡು ಸಲ ನೋಡಿ. ಎರಡು ಮೂರು ಮೀಟರ್ ಉದ್ದದ ಕಬ್ಬಿಣದ ಕೊಳವೆಯ ತುದಿ ಚೂಪು ಮಾಡಿ, ತುದಿಯ ಬಳಿ ಕೆಲವು ತೂತು ಕೊರೆದು, ಬಣವೆಯೊಳಕ್ಕೆ ತಳ್ಳಿ. ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ಒಳಗಿಳಿಸಿ ಹದಿನೈದು ನಿಮಿಷ ಬಿಡಿ.

50 ಡಿಗ್ರಿ ಸೆಲ್ಸಿಯಸ್‌ವರೆಗೆ ಗಾಬರಿ ಬೇಡ. ಅಲ್ಲಿಂದ ಮೇಲೆ ಸಕ್ಕರೆ ಮತ್ತು ಪ್ರೋಟೀನು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ. ಹುಲ್ಲು ಕಂದಾಗಿ ಬೆಲ್ಲ ಕಾಯಿಸಿದ ವಾಸನೆ ಬರುತ್ತದೆ. ರಾಸು ಅದನ್ನು ಆಸೆಯಿಂದ ತಿನ್ನುತ್ತದೆ, ಆದರೆ ಆ ಪ್ರೋಟೀನಿನ ಬಹುಪಾಲು ಸಗಣಿಯಲ್ಲಿ ಹೋಗುತ್ತದೆ. 65 ಮುಟ್ಟಿದರೆ ದಿನಕ್ಕೆ ಎರಡು ಸಲ ನೋಡಿ. 70 ದಾಟಿದರೆ ಕೆಲವು ತಾಸಿಗೊಮ್ಮೆ ನೋಡಿ. 80 ಬಂದರೆ ಪೆಂಡಿ ಎಳೆಯಲು ಹೋಗಬೇಡಿ, ಮೊದಲು ಅಗ್ನಿಶಾಮಕ ದಳವನ್ನು ಕರೆಯಿರಿ. ಒಳಗೆ ಗಾಳಿಗಾಗಿ ಕಾಯುತ್ತಿರುವ ಕೆಂಡಕ್ಕೆ ನೀವು ಪೆಂಡಿ ಎಳೆದ ಕ್ಷಣವೇ ಗಾಳಿ ಸಿಗುತ್ತದೆ. ಬಿಸಿ ಬಣವೆಯ ಮೇಲೆ ಹತ್ತಿ ನಡೆಯುವುದಂತೂ ಬೇಡವೇ ಬೇಡ, ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕಾಲಡಿಯ ಹುಲ್ಲು ಕುಸಿದು ಮನುಷ್ಯರು ಒಳಗೆ ಬಿದ್ದುಬಿಡುತ್ತಾರೆ.

ಬೂಷ್ಟಿನ ಧೂಳು ನಿಮ್ಮ ಪುಪ್ಪುಸಕ್ಕೂ ಕೆಟ್ಟದ್ದು. ಹುಲ್ಲು ಬಿಚ್ಚಿದ ಕೆಲವು ತಾಸಿನ ನಂತರ ಚಳಿ ಜ್ವರ, ಒಣಕೆಮ್ಮು, ಏದುಸಿರು ಬರುವುದು ಅದರ ಗುರುತು. ಮುಖಗವಸು ಹಾಕಿಯೇ ಬಿಚ್ಚಿ, ಹಾಗಾಗಿದ್ದರೆ ವೈದ್ಯರಿಗೆ ಹುಲ್ಲಿನ ವಿಷಯವನ್ನೂ ಹೇಳಿ.

ಹುಲ್ಲಿಗೆ ಒದಗದವು

ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣವನ್ನು ಕೊಯ್ಯುವಾಗ ಸಿಂಪಡಿಸಿದರೆ ಬೇಗ ಒಣಗುತ್ತದೆ ಎಂಬುದು ಕುದುರೆಮೆಂತ್ಯೆಗೆ ನಿಜ. ಅದರ ದಂಟಿನ ಮೇಣದ ಪದರವನ್ನು ಅದು ಸಡಿಲಿಸುತ್ತದೆ. ಹುಲ್ಲಿನಲ್ಲಿ ಆ ಪರಿಣಾಮ ಕಾಣುವುದಿಲ್ಲ. ದಂಟು ಜಜ್ಜುವ ಕೊಯ್ಲು ಯಂತ್ರ ಮತ್ತು ಅಗಲವಾಗಿ ಹರಡುವುದು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ರಸಮೇವಿಗೆ ಹಾಕುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಪುಡಿಗಳಿಗೆ ತೇವವೂ ಗಾಳಿಯಿಲ್ಲದ ಜಾಗವೂ ಬೇಕು, ಒಣಹುಲ್ಲಿನಲ್ಲಿ ಎರಡೂ ಇಲ್ಲ. ಉಪ್ಪು ಎರಚುವ ಹಳೆಯ ರೂಢಿಯಿಂದ ರುಚಿ ಹೆಚ್ಚಬಹುದು, ಒದ್ದೆ ಪೆಂಡಿ ಉಳಿಯುವುದಿಲ್ಲ.

ಬಲಿತ ಹುಲ್ಲಿಗೆ ಕ್ಷಾರ

ಕಚ್ಚಾ ಪ್ರೋಟೀನು (ಸಾರಜನಕದ ಅಳತೆಯಿಂದ ಲೆಕ್ಕ ಹಾಕಿದ ಪ್ರೋಟೀನು) ಶೇ. 7ಕ್ಕಿಂತ ಕಡಿಮೆ ಇರುವ ಹುಲ್ಲನ್ನು ತಿಂದಾಗ ರಾಸಿನ ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ಸಾರಜನಕ ಸಾಲದೆ ಹೋಗುತ್ತದೆ. ನಾರು ಕರಗುವುದು ನಿಧಾನವಾಗುತ್ತದೆ, ಹೊಟ್ಟೆ ಖಾಲಿಯಾಗುವುದಿಲ್ಲ, ಆದ್ದರಿಂದ ತಿನ್ನುವುದೂ ಕಡಿಮೆಯಾಗುತ್ತದೆ. ಅಮೋನಿಯಾ ಈ ಎರಡೂ ಕಡೆ ಕೆಲಸ ಮಾಡುತ್ತದೆ. ನಾರಿನ ಅರಗಬಲ್ಲ ಭಾಗವಾದ ಹೆಮಿಸೆಲ್ಯುಲೋಸನ್ನು ಅರಗದ ಗಟ್ಟಿ ಭಾಗವಾದ ಲಿಗ್ನಿನ್‌ಗೆ ಬಿಗಿದಿರುವ ಎಸ್ಟರ್ ಕೊಂಡಿಗಳನ್ನು ಬಿಡಿಸುತ್ತದೆ, ಜೊತೆಗೆ ಸಾರಜನಕವನ್ನೂ ತುಂಬುತ್ತದೆ. ಇಂಥ ಕೊಂಡಿಗಳು ಹುಲ್ಲಿನಲ್ಲಿ ಹೆಚ್ಚು, ದ್ವಿದಳದಲ್ಲಿ ಕಡಿಮೆ. ಹಾಗಾಗಿ ಈ ಉಪಚಾರಕ್ಕೆ ಹುಲ್ಲೇ ಚೆನ್ನಾಗಿ ಒದಗುತ್ತದೆ. ಆಮ್ಲ ಹಾಕಿದ ಹುಲ್ಲಿಗೆ ಮಾತ್ರ ಇದನ್ನು ಮಾಡಬೇಡಿ, ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದು ಎರಡೂ ವ್ಯರ್ಥ.

ಯೂರಿಯಾ ವಿಧಾನ ಎಲ್ಲರ ಕೈಗೆಟುಕುವಂಥದ್ದು. ಒದ್ದೆಯಾದ ಹುಲ್ಲಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಒಂದು ಕಿಲೋ ಯೂರಿಯಾದಿಂದ ಸುಮಾರು 570 ಗ್ರಾಂ ಅಮೋನಿಯಾ ಬರುತ್ತದೆ. ಕ್ರಮ ಹೀಗೆ:

1. ನೂರು ಕಿಲೋ ಒಣಹುಲ್ಲಿಗೆ (ಅದರಲ್ಲಿ ಒಣ ಅಂಶ ಸುಮಾರು 90 ಕಿಲೋ) 4 ಕಿಲೋ ಯೂರಿಯಾ, 50 ಲೀಟರ್ ನೀರು. ಹುಲ್ಲು ಮೊದಲೇ ಶೇ. 25 ತೇವ ಇದ್ದರೆ ಅದರ ನೂರು ಕಿಲೋದಲ್ಲಿ ಒಣ ಅಂಶ 75 ಕಿಲೋ ಮಾತ್ರ. ಆಗ 3.3 ಕಿಲೋ ಯೂರಿಯಾ, 25 ಲೀಟರ್ ಆಸುಪಾಸು ನೀರು ಸಾಕು. ಒಟ್ಟು ತೇವ ಶೇ. 40ರ ಹತ್ತಿರ ಬರಬೇಕು. ಶೇ. 30ಕ್ಕಿಂತ ಕಡಿಮೆಯಾದರೆ ಯೂರಿಯಾ ಪೂರ್ತಿ ಒಡೆಯದೆ ಹಾಗೇ ಉಳಿಯುತ್ತದೆ.

2. ಯೂರಿಯಾವನ್ನು ನೀರಿನಲ್ಲಿ ಒಂದು ಕಾಳೂ ಉಳಿಯದಂತೆ ಕರಗಿಸಿ. ಕರಗುವಾಗ ನೀರು ತಣ್ಣಗಾಗುವುದರಿಂದ ನಿಧಾನ, ತಾಳ್ಮೆಯಿಂದ ಕಲಕಿ. ಕಾಳಾಗಿ ಬಿದ್ದ ಯೂರಿಯಾ ತಿಂದ ರಾಸು ಬದುಕುವುದು ಕಷ್ಟ. ಈ ನೀರಿನ ಪಾತ್ರೆಯ ಹತ್ತಿರ ದನಕರು, ಆಡು ಸುಳಿಯದಂತೆ ಒಬ್ಬರು ಕಾವಲಿರಲಿ.

3. ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಗೇಣುದ್ದ ದಪ್ಪ ಹುಲ್ಲು ಹರಡಿ. ತೂತಿನ ಬಾಯಿಯ ನೀರಡಬ್ಬದಿಂದ ಆ ಪದರಕ್ಕೆ ಸಲ್ಲುವ ಪಾಲಿನ ದ್ರಾವಣವನ್ನು ಸಮನಾಗಿ ಚಿಮುಕಿಸಿ, ತುಳಿಯಿರಿ. ಮತ್ತೆ ಹುಲ್ಲು, ಮತ್ತೆ ದ್ರಾವಣ. ಒಟ್ಟು ದ್ರಾವಣವನ್ನು ಪದರಗಳ ಲೆಕ್ಕಕ್ಕೆ ಮೊದಲೇ ಭಾಗ ಮಾಡಿಟ್ಟುಕೊಂಡರೆ ಕೊನೆಯ ಪದರಕ್ಕೆ ಕೊರತೆ ಬೀಳುವುದಿಲ್ಲ.

4. ತೂತಿಲ್ಲದ ಪ್ಲಾಸ್ಟಿಕ್ ಹೊದಿಸಿ, ಅಂಚನ್ನು ಅಡಿಯ ಹಾಳೆಯೊಡನೆ ಸುತ್ತಿ ಮಣ್ಣು ಹೇರಿ. ಇಲಿ, ಕೋಳಿ, ನಾಯಿ ಮಾಡಿದ ತೂತನ್ನು ಅಂದೇ ಅಂಟುಪಟ್ಟಿಯಿಂದ ಮುಚ್ಚಿ.

5. ಬೆಚ್ಚಗಿನ ಹವೆಯಲ್ಲಿ ಮೂರು ವಾರ ಬಿಡಿ.

ಲೆಕ್ಕ ನೋಡಿದರೆ 4 ಕಿಲೋ ಯೂರಿಯಾದಲ್ಲಿ 1.84 ಕಿಲೋ ಸಾರಜನಕವಿದೆ. ಅಷ್ಟೂ ಹುಲ್ಲಿನಲ್ಲಿ ನಿಂತರೆ ಕಚ್ಚಾ ಪ್ರೋಟೀನು ಹನ್ನೆರಡು ಶೇಕಡಾ ಅಂಶಕ್ಕೂ ಹೆಚ್ಚು ಏರಬೇಕು. ಹೊದಿಕೆ ತೆರೆದಾಗ ಅರ್ಧಕ್ಕಿಂತ ಹೆಚ್ಚು ಗಾಳಿಗೆ ಹೋಗುವುದರಿಂದ ನಾಲ್ಕರಿಂದ ಆರು ಅಂಶದ ಏರಿಕೆಯನ್ನು ನಿರೀಕ್ಷಿಸಿ.

ತೆರೆದಾಗ ಮೂಗಿಗೆ ಬಡಿಯುವ ಘಾಟು ಇರಲೇಬೇಕು. ಘಾಟಿಲ್ಲದೆ ಹುಲ್ಲು ಮಾತ್ರ ಒದ್ದೆಯಾಗಿದ್ದರೆ ಎಲ್ಲೋ ಸೋರಿದೆ, ಅಥವಾ ಚಳಿಗೆ ಯೂರಿಯಾ ಒಡೆದಿಲ್ಲ. ಅಂಚಿನಲ್ಲಿ ಬಿಳಿ, ಕಪ್ಪು ಬೂಷ್ಟು ಕಂಡರೆ ಅಲ್ಲಿ ಗಾಳಿ ನುಗ್ಗಿದೆ, ಅಷ್ಟು ಭಾಗ ಕಿತ್ತು ಎಸೆಯಿರಿ. ಚೆನ್ನಾಗಿ ಆದ ಹುಲ್ಲು ಹೊನ್ನಿನ ಛಾಯೆಯ ಕಂದು ಬಣ್ಣಕ್ಕೆ ತಿರುಗಿ, ಕೈಯಲ್ಲಿ ಹಿಡಿದರೆ ಮೊದಲಿಗಿಂತ ಮೆತ್ತಗಿರುತ್ತದೆ.

ಅಮೋನಿಯಾ ಅನಿಲ

ದೊಡ್ಡ ಬಣವೆಗಳಿಗೆ ಜಲರಹಿತ ಅಮೋನಿಯಾ ಅನುಕೂಲ, ಆದರೆ ತರಬೇತಿ ಪಡೆದವರೇ ಮಾಡಬೇಕಾದ ಕೆಲಸ. ಪ್ರಮಾಣ ಒಣ ಅಂಶದ ಶೇ. 3, ಅದಕ್ಕಿಂತ ಹೆಚ್ಚು ಎಂದೂ ಬೇಡ. ಶೇ. 12 ತೇವದ 10 ಟನ್ ಹುಲ್ಲಿನಲ್ಲಿ ಒಣ ಅಂಶ 8.8 ಟನ್, ಅದಕ್ಕೆ 264 ಕಿಲೋ ಅಮೋನಿಯಾ. ಹುಲ್ಲಿನ ತೇವ ಶೇ. 15ರಿಂದ 20 ಇದ್ದರೆ ಚೆನ್ನಾಗಿ ಹಿಡಿಯುತ್ತದೆ, ಶೇ. 10ಕ್ಕಿಂತ ಕೆಳಗಿದ್ದರೆ ಹಿಡಿಯುವುದಿಲ್ಲ. ದಪ್ಪ ಕಪ್ಪು ಪ್ಲಾಸ್ಟಿಕ್ ಹೊದಿಸಿ ಅಂಚನ್ನು ಮಣ್ಣಿನಲ್ಲಿ ಹೂತು, ಬಣವೆಯ ನಡುವಿನ ಅಡಿಭಾಗಕ್ಕೆ ಉಕ್ಕಿನ ಕೊಳವೆ ತಲುಪಿಸಿ ನಿಧಾನವಾಗಿ ಬಿಡಬೇಕು. ಬೇಗ ಬಿಟ್ಟರೆ ಪ್ಲಾಸ್ಟಿಕ್ ಉಬ್ಬಿ ಹರಿಯುತ್ತದೆ. ಹಿತ್ತಾಳೆ, ತಾಮ್ರ, ಸತುವು ಲೇಪಿಸಿದ ಜೋಡಣೆಗಳನ್ನು ಅಮೋನಿಯಾ ತಿಂದುಹಾಕುವುದರಿಂದ ಅವು ಎಲ್ಲೂ ಇರಬಾರದು. ಗಾಳಿ ಬೀಸಿಬರುವ ಕಡೆ ಬೆನ್ನು ಮಾಡಿ ನಿಲ್ಲಿ, ಕಣ್ಣು ತೊಳೆಯಲು ಕೈಯಳತೆಯಲ್ಲೇ ನೀರಿರಲಿ, ಬೀಡಿ, ಬೆಂಕಿ ಹತ್ತಿರ ಬರಬಾರದು.

ಎಷ್ಟು ದಿನ ಮುಚ್ಚಿಡಬೇಕು ಎಂಬುದನ್ನು ಹವೆಯೇ ಹೇಳುತ್ತದೆ. 30 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದು ವಾರ, 15ರಿಂದ 30ರಲ್ಲಿ ಒಂದರಿಂದ ನಾಲ್ಕು ವಾರ, 5ರಿಂದ 15ರಲ್ಲಿ ನಾಲ್ಕರಿಂದ ಎಂಟು ವಾರ, ಅದಕ್ಕಿಂತ ಚಳಿಯಿದ್ದರೆ ಎಂಟು ವಾರಕ್ಕೂ ಹೆಚ್ಚು. ಯೂರಿಯಾಕ್ಕೆ ಇದರ ಮೇಲೆ ಇನ್ನಷ್ಟು ದಿನ ಸೇರಿಸಿ, ಏಕೆಂದರೆ ಅದು ಮೊದಲು ಒಡೆಯಬೇಕು.

ತಿನ್ನಿಸುವಾಗ

ಯೂರಿಯಾದ ಹುಲ್ಲನ್ನು ದಿನಕ್ಕೆ ಬೇಕಾದಷ್ಟೇ ತೆಗೆದು, ಹಿಂದಿನ ಸಂಜೆಯೇ ಹರಡಿ ಘಾಟು ಹೋಗಲು ಬಿಡಿ. ಅನಿಲ ಕೊಟ್ಟ ಬಣವೆಯನ್ನು ತಿನ್ನಿಸುವ ಕೆಲವು ದಿನ ಮೊದಲು ಒಂದು ಬದಿ ತೆರೆದು ಗಾಳಿಯಾಡಿಸಿ. ವಾರ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಆರು ತಿಂಗಳೊಳಗಿನ ಕರುಗಳಿಗೂ ಕುದುರೆಗಳಿಗೂ ಇದು ಬೇಡ. ಹಿಂಡಿಯಲ್ಲಿ ಈಗಾಗಲೇ ಯೂರಿಯಾ ಇದ್ದರೆ ಅದನ್ನು ನಿಲ್ಲಿಸಿ. ಧಾನ್ಯ ಅಥವಾ ಕಾಕಂಬಿಯಂಥ ಶಕ್ತಿ ಕೊಡುವ ಆಹಾರ ಸ್ವಲ್ಪ ಇರಲಿ, ಇಲ್ಲವಾದರೆ ಸೂಕ್ಷ್ಮಜೀವಿಗಳು ಈ ಸಾರಜನಕವನ್ನು ಬಳಸಿಕೊಳ್ಳಲಾರವು. ಹತ್ತರಿಂದ ಹನ್ನೆರಡು ಪಾಲು ಸಾರಜನಕಕ್ಕೆ ಒಂದು ಪಾಲು ಗಂಧಕ ಬೇಕು, ಆದ್ದರಿಂದ ಖನಿಜ ಮಿಶ್ರಣದಲ್ಲಿ ಗಂಧಕ ಇದೆಯೇ ನೋಡಿ.

ಎರಡು ಬಗೆಯ ವಿಷವನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಯೂರಿಯಾ ನೀರು ಕುಡಿದರೆ ಅಥವಾ ಕಾಳು ತಿಂದರೆ ಅರ್ಧ ತಾಸು, ಒಂದು ತಾಸಿನಲ್ಲೇ ಜೊಲ್ಲು, ಹೊಟ್ಟೆಯುಬ್ಬರ, ಮೈ ನಡುಕ, ತೂರಾಟ ಬರುತ್ತವೆ. ತಕ್ಷಣ ಪಶುವೈದ್ಯರನ್ನು ಕರೆಯಿರಿ. ಅವರ ಸಲಹೆಯಂತೆ ದೊಡ್ಡ ರಾಸಿಗೆ ಹಲವು ಲೀಟರ್ ವಿನೆಗರ್ ಮತ್ತು ತುಂಬ ತಣ್ಣೀರನ್ನು ಹೊಟ್ಟೆಗೆ ಹಾಕುವುದು ಚಿಕಿತ್ಸೆ. ಹುಳಿ ಅಮೋನಿಯಾವನ್ನು ಕಟ್ಟಿಹಾಕುತ್ತದೆ, ತಣ್ಣೀರು ಯೂರಿಯಾ ಒಡೆಯುವುದನ್ನು ನಿಧಾನಿಸುತ್ತದೆ.

ಎರಡನೆಯದು ಇನ್ನೂ ಮೋಸದ್ದು. ಸಕ್ಕರೆ ಹೆಚ್ಚಿರುವ ಹುಲ್ಲಿಗೆ, ಅಂದರೆ ಎಳೆಯ ಹುಲ್ಲು, ಕಾಳುಗಟ್ಟುವ ಹಂತದ ಧಾನ್ಯದ ಮೇವು, ಜೋಳ ಜಾತಿಯ ಸಿಹಿ ದಂಟು ಇವುಗಳಿಗೆ ಅಮೋನಿಯಾ ಕೊಟ್ಟು ಬಣವೆ ಬಿಸಿಯಾದಾಗ 4-ಮೀಥೈಲ್ ಇಮಿಡಜೋಲ್ ಎಂಬ ವಸ್ತು ಹುಟ್ಟುತ್ತದೆ. ಅದನ್ನು ತಿಂದ ರಾಸು ಕಣ್ಣು ಪಿಳುಕಿಸುತ್ತದೆ, ಕಿವಿ ಅದುರಿಸುತ್ತದೆ, ಸುತ್ತ ತಿರುಗುತ್ತದೆ, ಇದ್ದಕ್ಕಿದ್ದಂತೆ ಓಡಿ ಬೇಲಿಗೆ ಡಿಕ್ಕಿ ಹೊಡೆಯುತ್ತದೆ. ತಾಯಿ ಆರೋಗ್ಯವಾಗಿಯೇ ಕಂಡರೂ ಹಾಲಿನ ಮೂಲಕ ಕರುವಿಗೆ ತಗುಲಿ ಕರು ಸಾಯಬಹುದು. ಆ ಹುಲ್ಲನ್ನು ಅಂದೇ ನಿಲ್ಲಿಸಿ, ಕರುವನ್ನು ತಾಯಿಯಿಂದ ಬಿಡಿಸಿ, ವೈದ್ಯರನ್ನು ಕರೆಯಿರಿ. ಗಾಢ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಸಕ್ಕರೆಯ ವಾಸನೆ ಬರುವ ಅಮೋನಿಯಾ ಹುಲ್ಲನ್ನು ಯಾವ ರಾಸಿಗೂ ಹಾಕಬೇಡಿ.

ಸುಣ್ಣ, ಕಾಸ್ಟಿಕ್ ಸೋಡಾ

ಸುಟ್ಟ ಸುಣ್ಣವನ್ನು ಒಣ ಅಂಶದ ಶೇ. 5ರಷ್ಟು ಬೆರೆಸಿ, ಕತ್ತರಿಸಿದ ಹುಲ್ಲಿನ ತೇವವನ್ನು ಶೇ. 50ಕ್ಕೆ ತಂದು, ಗಾಳಿಯಾಡದಂತೆ ಒಂದು ವಾರ ಮುಚ್ಚಿಡುವುದು ಇನ್ನೊಂದು ದಾರಿ. ನಾರು ಸಡಿಲವಾಗುತ್ತದೆ, ಆದರೆ ಪ್ರೋಟೀನು ಸೇರುವುದಿಲ್ಲ, ಅದನ್ನು ಬೇರೆ ಕೊಡಬೇಕು. ನೀರು ತಾಗಿದ ಕೂಡಲೇ ಸುಣ್ಣ ಕುದಿಯುವುದರಿಂದ ಒಣ ಹುಲ್ಲಿನ ರಾಶಿಯ ಪಕ್ಕ ಬೆರೆಸಬೇಡಿ. ಕಾಸ್ಟಿಕ್ ಸೋಡಾ ಇವೆಲ್ಲಕ್ಕಿಂತ ಗಟ್ಟಿ, ನೂರು ಕಿಲೋಗೆ 4ರಿಂದ 5 ಕಿಲೋ ಸಾಕು. ಆದರೆ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಮೈಸೇರಿದ ಸೋಡಿಯಂ ಮೂತ್ರದಲ್ಲಿ ಹೋಗಿ ಗೊಬ್ಬರದ ಮೂಲಕ ಹೊಲದ ಮಣ್ಣನ್ನು ಸೇರುತ್ತದೆ. ಸಣ್ಣ ಹಿಡುವಳಿಗೆ ಇದು ಬೇಡವೆಂದೇ ನಮ್ಮ ಸಲಹೆ. ಬಳಸಲೇಬೇಕಾದವರು ಆ ಹುಲ್ಲನ್ನು ಮೇವಿನ ಅರ್ಧಕ್ಕಿಂತ ಹೆಚ್ಚು ಮಾಡದೆ, ಉಪ್ಪಿನ ಗಡ್ಡೆ ತೆಗೆದು, ನೀರಿನ ತೊಟ್ಟಿ ಹಗಲು ರಾತ್ರಿ ತುಂಬಿರುವಂತೆ ನೋಡಿಕೊಳ್ಳಬೇಕು.